ಬದನೆಕಾಯಿ ಬಿಸ್ಕತ್ತು

ನಮ್ಮ ಊರಿನಲ್ಲಿ ಯಾರಿಗೂ ಅವರವರ ಮನೆಯ ಅಡುಗೆಯ ರುಚಿ ತಿಳಿಯುವುದಿಲ್ಲ. ನಾನು ಮಾಡಿದ ಸಾರು ನನಗೂ, ನಮ್ಮವರಿಗೂ, ಮಗ ಸಿರಿಲನಿಗೂ ಬರೀ ಬಿಸಿನೀರು. ಅದೇ ಸಾರು ಎದುರುಮನೆಗೆ ಹೋದರೆ ಇನ್ನಾಸಕ್ಕ ಎರಡು ಸಲ ಹಾಕಿಸಿಕೊಳ್ಳುತ್ತಾಳೆ. ಅವಳ ಹುಳಿ ಅವಳ ಮನೆಯಲ್ಲಿ ಹಳದಿ ಗಂಜಿ, ನಮ್ಮ ಮನೆಗೆ ಬಂದಾಗ ನಮ್ಮವರು ತಟ್ಟೆಯನ್ನೇ ನೆಕ್ಕುವ ಹಾಗೆ ತಿನ್ನುತ್ತಾರೆ. ಹಾಗಾಗಿ ಮಧ್ಯಾಹ್ನ ಹನ್ನೆರಡೂವರೆಗೆ ಬೀದಿಯ ತುಂಬ ಮುಚ್ಚಿದ ಪಾತ್ರೆಗಳು ಓಡಾಡುತ್ತವೆ. ಈ ಸಾಲಿನದು ಆ ಸಾಲಿಗೆ, ಆ ಸಾಲಿನದು ಈ ಸಾಲಿಗೆ. ಬೆಳಿಗ್ಗೆ, ರಾತ್ರಿ ಮಾತ್ರ ಅವರವರದೇ ಸಪ್ಪೆ. ಜಗಳವಾಡಿದವರು ಹನ್ನೆರಡೂವರೆಯ ಒಳಗೆ ರಾಜಿಯಾಗಬೇಕು, ಇಲ್ಲವಾದರೆ ಎರಡು ಮನೆಯವರೂ ಸಪ್ಪೆ ನುಂಗಬೇಕು. ನಾನೂ ಇನ್ನಾಸಕ್ಕನೂ ಹದಿನಾಲ್ಕು ವರ್ಷದಲ್ಲಿ ಬೇಕಾದಷ್ಟು ಜಗಳವಾಡಿದ್ದೇವೆ. ಒಂದೂ ಊಟದ ಹೊತ್ತು ದಾಟಿಲ್ಲ.

ನಾವು ಅಡುಗೆ ಮಾಡುವುದು ಕಣ್ಣಳತೆಯಲ್ಲಿ, ಚಮಚದ ಲೆಕ್ಕದಲ್ಲಿ. ಪ್ರತಿ ಮನೆಯಲ್ಲೂ ಉಪ್ಪಿನ ಜಾಡಿಯ ಕೊರಳಿಗೆ ಕೆಂಪು ದಾರ, ಸಕ್ಕರೆಯ ಜಾಡಿಗೆ ಬಿಳಿ ದಾರ. ಹೊರಗಿನ ಊರುಗಳಲ್ಲಿ ಅನುಮಾನ ಬಂದರೆ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ನೋಡುತ್ತಾರಂತೆ. ನಮ್ಮಲ್ಲಿ ಮನೆಯ ಜಾಡಿ ಸೇರಿದ ಮೇಲೆ ಉಪ್ಪಿಗೂ ಸಕ್ಕರೆಗೂ ಆ ಮನೆಯವರ ಬಾಯಲ್ಲಿ ವ್ಯತ್ಯಾಸವಿಲ್ಲ. ದಾರವನ್ನೇ ನಂಬಬೇಕು.

ಬೇರೆ ಕಡೆಯಿಂದ ಬಂದು ಮನೆ ಸೇರಿದವರಿಗೆ ಮಾತ್ರ ಕೆಲವು ದಿನ ಆ ಮನೆಯ ರುಚಿ ಸಿಗುತ್ತದೆ. ನಾನು ಇದೇ ಊರಿನ ಇನ್ನೊಂದು ಬೀದಿಯಿಂದ ಮದುವೆಯಾಗಿ ಬಂದಾಗ ನಮ್ಮ ಅತ್ತೆಯವರ ಅಡುಗೆಯ ರುಚಿ ಎರಡು ತಿಂಗಳು ಕಂಡಿದ್ದೇನೆ. ದಿನವೂ ಸೌಟು ಹಿಡಿದು ನನ್ನ ಮುಂದೆ ನಿಂತು, ಹೇಗಿದೆ, ನಿಜ ಹೇಳು ಎಂದು ಕೇಳುತ್ತಿದ್ದರು. ಒಂದು ಬೆಳಿಗ್ಗೆ ಕಾಫಿ ಬಾಯಿಗೆ ಇಟ್ಟರೆ ಏನೂ ಇಲ್ಲ. ನಾಲಿಗೆ ಮಲಗಿತು ಎನ್ನುತ್ತೇವೆ ಅದಕ್ಕೆ. ಅತ್ತೆಯವರು ನನ್ನ ಕೈಯಿಂದ ಲೋಟ ತೆಗೆದು ಕೆಳಗಿಟ್ಟು ನನ್ನ ತಲೆ ಸವರಿದರು. ಸಂಜೆಯೊಳಗೆ ಬೀದಿಯ ಪ್ರತಿ ಮನೆಯಿಂದ ಒಂದೊಂದು ಚಮಚ ಸಿಹಿ ಬಂತು. ನಾಲಿಗೆ ಮಲಗಿದವಳು ಮನೆಯವಳು. ಅದಕ್ಕಿಂತ ದೊಡ್ಡ ರುಜುವಾತು ನಮ್ಮಲ್ಲಿ ಇಲ್ಲ.

ಎಲ್ಲರಿಗೂ ಹಾಗಾಗುತ್ತದೆ ಎಂದೇನೂ ಇಲ್ಲ. ಬೀದಿಯ ಕೊನೆಯ ಮನೆಯಲ್ಲಿ ಅಗ್ನೇಸಜ್ಜಿ ಎಂಬವರಿದ್ದರು. ತಂಗಿಯ ಮನೆಯಲ್ಲಿ ನಲವತ್ತು ವರ್ಷ ಇದ್ದರು. ತಂಗಿಯ ಮಕ್ಕಳನ್ನೆಲ್ಲ ಎತ್ತಿ ಆಡಿಸಿದರು. ಆದರೂ ಕೊನೆಯ ದಿನದವರೆಗೂ ಆ ಮನೆಯ ಗಂಜಿಗೆ ಉಪ್ಪು ಸಾಲದು ಎಂದು ಅವರಿಗೆ ಗೊತ್ತಾಗುತ್ತಲೇ ಇತ್ತು. ಅವರ ಮಾತು ಬಂದಾಗ ಈಗಲೂ ಜನ ದನಿ ತಗ್ಗಿಸುತ್ತಾರೆ.

ನನ್ನ ಅಣ್ಣನ ಮಗಳು ಕ್ಲಾರಾ ನಮ್ಮ ಮನೆಗೆ ಬಂದದ್ದು ಮಾವಿನಕಾಯಿಯ ಕಾಲದಲ್ಲಿ. ಅಣ್ಣ ಕೆಲಸ ಹುಡುಕಿಕೊಂಡು ಬೆಟ್ಟದ ಆಚೆಯ ಊರಿಗೆ ಹೋಗಿ ಅಲ್ಲೇ ನೆಲೆ ನಿಂತಿದ್ದ. ಅಣ್ಣ, ಅತ್ತಿಗೆ ಇಬ್ಬರೂ ಒಂದೇ ವರ್ಷದಲ್ಲಿ ತೀರಿಕೊಂಡರು. ಎಂಟು ವರ್ಷದ ಹುಡುಗಿ ಒಂದು ಸಣ್ಣ ಟ್ರಂಕು ಹಿಡಿದುಕೊಂಡು ಬಸ್ಸಿನಿಂದ ಇಳಿದಳು. ಮೊದಲ ದಿನ ರಾತ್ರಿ ಊಟಕ್ಕೆ ಕೂತಾಗ ಅನ್ನ ಕಲಸುತ್ತಲೇ, ಪಲ್ಯಕ್ಕೆ ಉಪ್ಪು ಸ್ವಲ್ಪ ಮುಂದಾಗಿದೆ ಅತ್ತೆ ಎಂದಳು. ಸಿರಿಲ ತಟ್ಟೆಯಿಂದ ಕೈ ತೆಗೆದು ಅವಳನ್ನೇ ನೋಡಿದ. ಹನ್ನೆರಡು ವರ್ಷದಲ್ಲಿ ಅವನ ಅಮ್ಮನ ಪಲ್ಯವನ್ನು ಅವನ ಪಕ್ಕದಲ್ಲೇ ಕೂತು ತಿಂದು ಅದರ ಸುದ್ದಿ ಹೇಳಿದವರು ಅವಳೇ ಮೊದಲು.

"ಹೇಗಿರುತ್ತೆ ಅದು? ಸರಿಯಾಗಿ ಹೇಳು," ಎಂದು ಕೇಳಿದ.

ಕ್ಲಾರಾ ಇನ್ನೊಂದು ತುತ್ತು ಬಾಯಿಗಿಟ್ಟು ಯೋಚಿಸಿದಳು. "ಮೊದಲು ಹುಳಿ. ಆಮೇಲೆ ಒಂಚೂರು ಸಿಹಿ. ಕೊನೇಲಿ ಖಾರ ಬಂದು ಕಿವಿ ಹತ್ರ ಕೂತ್ಕೊಳ್ಳುತ್ತೆ."

ನಮ್ಮವರು ಊಟ ನಿಲ್ಲಿಸಿ ನನ್ನ ಮುಖ ನೋಡಿದರು. ಮದುವೆಯಾಗಿ ಹದಿನಾಲ್ಕು ವರ್ಷವಾದ ಮೇಲೆ ಅವರಿಗೆ ಹೆಂಡತಿಯ ಕೈರುಚಿಯ ಪರಿಚಯವಾಗಿತ್ತು. ಆ ಮೇಲೆ ಅದು ದಿನದ ಆಟವಾಯಿತು. ಇವತ್ತಿನ ಚಟ್ನಿ ಹೇಗಿದೆ, ಇವತ್ತಿನ ಉಪ್ಪಿಟ್ಟು ಹೇಗಿದೆ ಎಂದು ಅಪ್ಪ ಮಗ ಇಬ್ಬರೂ ಕೇಳುವುದು, ಅವಳು ಹೇಳುವುದು. ಬೀದಿಯಲ್ಲಿ ನಾನು ಹೆಮ್ಮೆಯಿಂದ, ನಮ್ಮನೆಗೆ ನಾಲಿಗೆ ಅಂದರೆ ಇವಳೇ ಎಂದು ಹೇಳಿಕೊಂಡು ತಿರುಗಿದೆ. ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಎರಡು ತಿಂಗಳಾಯಿತು, ನಾಲ್ಕಾಯಿತು. ಮಳೆ ಮುಗಿಯಿತು. ಕ್ಲಾರಾಳ ನಾಲಿಗೆ ಮಲಗಲಿಲ್ಲ. ರಾತ್ರಿ ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು, ನನ್ನ ಸೆರಗಿನ ತುದಿ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದಳು. ಆದರೂ ಬೆಳಿಗ್ಗೆ ಎದ್ದು, ಕಾಫಿಗೆ ಬೆಲ್ಲ ಕಡಿಮೆ ಎನ್ನುತ್ತಿದ್ದಳು. ನನಗೆ ಅಗ್ನೇಸಜ್ಜಿಯ ನೆನಪಾಗುತ್ತಿತ್ತು. ಬೀದಿಯವರಿಗೆಲ್ಲ ಕೈಮುಗಿದು ಹೇಳಿದೆ: ನಾಲಿಗೆ ಮಲಗುವ ವಿಷಯ ಮಗುವಿನ ಮುಂದೆ ಯಾರೂ ಎತ್ತಬೇಡಿ, ಅವಳು ಕಾಯುತ್ತ ಕೂರುವುದು ಬೇಡ, ಆಗದಿದ್ದರೆ ನೋಯುವುದು ಬೇಡ. ಸಿರಿಲನ ಕೈಯಿಂದ ಆಣೆ ಹಾಕಿಸಿಕೊಂಡೆ. ಈ ಊರಿನಲ್ಲಿ ಹುಟ್ಟಿದವರಿಗೆ ಹೀಗೆ ಎಂದಷ್ಟೇ ಅವಳಿಗೆ ಹೇಳಿದ್ದೆವು. ಬೀದಿಯವರು ಮಾತು ಉಳಿಸಿಕೊಂಡರು. ಇನ್ನಾಸಕ್ಕ ಕೂಡ ಉಳಿಸಿಕೊಂಡಳು ಎಂದರೆ ಅದು ಸಣ್ಣ ವಿಷಯವಲ್ಲ.

ಡಿಸೆಂಬರ್ ಬಂದರೆ ನಮ್ಮಲ್ಲಿ ಊಟದ ಪಾತ್ರೆಗಳ ಜೊತೆ ಬಿಸ್ಕತ್ತಿನ ತಟ್ಟೆಗಳೂ ಓಡಾಡುತ್ತವೆ. ಕ್ರಿಸ್ಮಸ್ ಹಿಂದಿನ ದಿನ ಬೆಳಿಗ್ಗೆ ಪ್ರತಿ ಮನೆಯಿಂದ ಪ್ರತಿ ಮನೆಗೆ ಬಿಸ್ಕತ್ತು ಹೋಗಬೇಕು. ಕೊಟ್ಟವರ ಎದುರಿಗೇ ಒಂದು ಕಚ್ಚಿ ಹೇಗಿದೆ ಎಂದು ಹೇಳುವುದು ತೆಗೆದುಕೊಂಡವರ ಕೆಲಸ. ಮಾಡಿದವರಿಗೆ ಅದನ್ನು ತಿಳಿಯಲು ಬೇರೆ ದಾರಿ ಇಲ್ಲವಲ್ಲ. ಉಳಿದ ದಿನಗಳಲ್ಲಿ ಜನ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಹಬ್ಬದ ದಿನ ಮಾತ್ರ ಹುಳುಕು ತೆಗೆಯುವುದಿಲ್ಲ. ಇನ್ನಾಸಕ್ಕನಿಗೆ ಹಬ್ಬವೂ ಒಂದೇ, ಉಳಿದ ದಿನವೂ ಒಂದೇ.

ನಮ್ಮವರದು ತಗಡಿನ ಕೆಲಸ. ಲಾಟೀನು, ಆಲಿಕೆ, ಎಣ್ಣೆ ಡಬ್ಬ ಮಾಡುತ್ತಾರೆ, ಸೋರುವ ಕೊಡಕ್ಕೆ ಬೆಸುಗೆ ಹಾಕುತ್ತಾರೆ. ನಮ್ಮ ಬಿಸ್ಕತ್ತು ಬೇಯುವುದೂ ಅವರು ಮಾಡಿದ ತಗಡಿನ ಪೆಟ್ಟಿಗೆಯಲ್ಲಿಯೇ, ಕೆಳಗೊಂದಿಷ್ಟು ಕೆಂಡ, ಮುಚ್ಚಳದ ಮೇಲೊಂದಿಷ್ಟು ಕೆಂಡ. ಬಿಸ್ಕತ್ತು ಕತ್ತರಿಸುವ ಅಚ್ಚುಗಳೂ ಅವರವೇ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಅಚ್ಚು. ತೀರಿಕೊಂಡ ಅತ್ತೆಯವರದು ಗಂಟೆ, ನಮ್ಮವರದು ಮೀನು, ನನ್ನದು ನಕ್ಷತ್ರ, ಸಿರಿಲನದು ರೈಲು ಎಂಜಿನ್ನು. ನನ್ನ ನಕ್ಷತ್ರವನ್ನು ಅವರು ಮಾಡಿದ್ದು ನನ್ನ ನಾಲಿಗೆ ಮಲಗಿದ ಮಾರನೆಯ ದಿನ. ಅದಕ್ಕೆ ಮೊದಲು ಅಚ್ಚು ಮಾಡಿದರೆ ನಾಲಿಗೆ ಮಲಗುವುದೇ ಇಲ್ಲ ಎಂದು ಅವರ ಮನೆತನದಲ್ಲಿ ಒಂದು ಹೆದರಿಕೆ.

ಡಿಸೆಂಬರ್ ಮೊದಲ ವಾರ ಅಚ್ಚಿನ ಡಬ್ಬ ಕೆಳಗಿಳಿಸಿದಾಗ ಕ್ಲಾರಾ ಒಂದೊಂದನ್ನೂ ಎತ್ತಿ ಯಾರದು ಎಂದು ಕೇಳಿ ನೆಲದ ಮೇಲೆ ಸಾಲಾಗಿ ಇಟ್ಟಳು. ಆಮೇಲೆ, ನಂದು ಬದನೆಕಾಯಿ ಎಂದಳು. ಸಿರಿಲ ಬಿದ್ದು ಬಿದ್ದು ನಕ್ಕ. ಕ್ರಿಸ್ಮಸ್ಸಿಗೆ ಬದನೆಕಾಯಿ ಯಾರಾದರೂ ಮಾಡುತ್ತಾರಾ ಎಂದು ಛೇಡಿಸಿದ. ಗೋದಲಿಗೆ ಕಾಣಿಕೆ ತಂದ ಮೂರು ಜನ ರಾಜರಿಗೆ ಕಿರೀಟ ಇಲ್ಲವಾ, ಬದನೆಕಾಯಿಗೂ ಇದೆ ಎಂದು ಅವಳು ಸ್ಲೇಟಿನ ಮೇಲೆ ಬರೆದು ತೋರಿಸಿದಳು. ನಿಜಕ್ಕೂ ತೊಟ್ಟು ಕಿರೀಟದ ಹಾಗೇ ಇತ್ತು. ಸ್ಲೇಟನ್ನು ಅಂಗಡಿಗೆ ತೆಗೆದುಕೊಂಡು ಹೋಗಿ ಅವಳ ಮಾವನ ಮುಂದೆ ಇಟ್ಟಳು. ಅವರು ನನ್ನ ಕಡೆ ನೋಡಿ, ಮಾಡೋಣ ಮಗಳೇ, ತಗಡು ಬರಲಿ ಎಂದರು. ಅಂಗಡಿಯ ತುಂಬ ತಗಡಿತ್ತು. ಅದು ಅವಳಿಗೂ ಕಾಣುತ್ತಿತ್ತು. ಅವಳು ಸ್ಲೇಟು ಎತ್ತಿಕೊಂಡು ಒಳಗೆ ಬಂದಳು.

ಪ್ರತಿ ವರ್ಷ ನಾನು ಹಿಟ್ಟಿನ ಹದ ನೋಡಲು ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಮಾಡುತ್ತೇನೆ. ಮೈದಾ, ಬೆಣ್ಣೆ, ಪುಡಿ ಸಕ್ಕರೆ, ಒಂದು ಹಿಡಿ ಚಿರೋಟಿ ರವೆ, ಏಲಕ್ಕಿ, ಜಾಯಿಕಾಯಿ. ಈ ಸಲ ರುಚಿ ನೋಡಲು ಮನೆಯಲ್ಲೇ ಮಗಳಿದ್ದಳು. ಮೊದಲನೆಯ ಸಲ, ಕೆಮ್ಮಿನ ಔಷಧಿ ಥರ ಇದೆ ಎಂದಳು. ಜಾಯಿಕಾಯಿ ಕಡಿಮೆ ಮಾಡಿದೆ. ಎರಡನೆಯ ಸಲ, ತಿಂದ ಮೇಲೆ ಹಲ್ಲಿನ ಮೇಲೆ ಮೈದಾ ಓಡಾಡುತ್ತೆ ಎಂದಳು. ಬೆಣ್ಣೆ ಜಾಸ್ತಿ ಮಾಡಿದೆ. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ತಿಂದು, ಇದು ಅಮ್ಮ ಪೇಟೆಯಿಂದ ತಂದುಕೊಡುತ್ತಿದ್ದ ಬಿಸ್ಕತ್ತಿಗಿಂತ ಒಂದು ಕೈ ಮೇಲು ಎಂದಳು. ನಾನು ಅಳತೆಯನ್ನೆಲ್ಲ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ.

ಕ್ರಿಸ್ಮಸ್ಸಿಗೆ ನಾಲ್ಕು ದಿನ ಇದ್ದಾಗಿನಿಂದ ಅವಳು ಹುಳುಕು ತೆಗೆಯುವುದನ್ನು ಬಿಟ್ಟಳು. ಕಾಫಿ ಹೇಗಿದೆ ಎಂದರೆ ಚೆನ್ನಾಗಿದೆ ಅತ್ತೆ. ಪಲ್ಯ ಹೇಗಿದೆ ಎಂದರೆ ಚೆನ್ನಾಗಿದೆ ಅತ್ತೆ. ಸಿರಿಲ ಎಷ್ಟು ಪೀಡಿಸಿದರೂ ಕಿವಿಯ ಹತ್ತಿರ ಕೂರುವ ಖಾರದ ಕಥೆ ಹೇಳಲಿಲ್ಲ. ಅಂತೂ ನನ್ನ ಅಡುಗೆ ಅವಳಿಗೆ ಹಿಡಿಸಿತು ಎಂದುಕೊಂಡು ನಾನು ಹಿಗ್ಗಿದೆ. ಹಬ್ಬದ ಕೆಲಸದ ನಡುವೆ ಅದಕ್ಕಿಂತ ಹೆಚ್ಚು ಯೋಚಿಸಲು ಪುರುಸೊತ್ತು ಇರಲಿಲ್ಲ. ಪರದೆ ಒಗೆಯಬೇಕು, ಗೋದಲಿಗೆ ಹುಲ್ಲು ತರಬೇಕು, ಕಪಾಟಿನ ಜಾಡಿಗಳನ್ನೆಲ್ಲ ತೊಳೆದು ಒಣಗಿಸಬೇಕು. ಬಿಸ್ಕತ್ತಿನ ಹಿಂದಿನ ದಿನ ಸಂಜೆ ಜಾಡಿಗಳನ್ನು ತೊಳೆದದ್ದು ನಾನೇ. ದಾರ ಬಿಚ್ಚಿದ್ದೂ ನಾನೇ, ಮತ್ತೆ ಕಟ್ಟಿದ್ದೂ ನಾನೇ.

ಕ್ರಿಸ್ಮಸ್ ಹಿಂದಿನ ದಿನ ಬೆಳಿಗ್ಗೆ ಬೇಗ ಎದ್ದು ಹಿಟ್ಟು ಕಲಸಿದೆ. ಬಾಗಿಲ ಹಿಂದಿನ ಅಳತೆ ನೋಡಿ ಬಿಳಿ ದಾರದ ಜಾಡಿಯಿಂದ ತುಂಬಿ ತುಂಬಿ ನಾಲ್ಕು ಬಟ್ಟಲು ಹಾಕಿದೆ. ಸಿರಿಲ ಎಂಜಿನ್ನು ಒತ್ತಿದ, ಕ್ಲಾರಾ ಅತ್ತೆಯವರ ಗಂಟೆಯನ್ನು ಒತ್ತಿದಳು. ಮೊದಲ ತಟ್ಟೆ ಹೊರಗೆ ಬಂದಾಗ ಬಿಸ್ಕತ್ತು ಸುಣ್ಣದ ಹಾಗೆ ಬೆಳ್ಳಗಿತ್ತು. ಇನ್ನಷ್ಟು ಕೆಂಡ ಹಾಕಿದೆ. ಎರಡನೆಯ ತಟ್ಟೆಯೂ ಹಾಗೇ. ನನಗೆ ಯಾಕೋ ಸಮಾಧಾನವಾಗಲಿಲ್ಲ. ಕ್ಲಾರಾಳನ್ನು ಕರೆದು ಗಂಟೆಯಾಕಾರದ ಒಂದು ಬಿಸ್ಕತ್ತನ್ನು ಕೈಗೆ ಕೊಟ್ಟೆ. ಅವಳು ಕಚ್ಚಿದಳು, ಅಂಗಳದ ಕಡೆ ನೋಡುತ್ತ ನಿಧಾನವಾಗಿ ಅಗಿದಳು.

"ಚೆನ್ನಾಗಿದೆ ಅತ್ತೆ."

"ಸಿಹಿ ಸಾಕಾ?"

"ಸಾಕು."

ಮನೆಯ ನಾಲಿಗೆ ಒಪ್ಪಿದ ಮೇಲೆ ನನ್ನದೇನು ಎಂದು ಎಲ್ಲವನ್ನೂ ಬೇಯಿಸಿ ತಟ್ಟೆಗಳಿಗೆ ತುಂಬಿ ಕ್ರೋಶಾ ಹೆಣೆದ ಬಟ್ಟೆ ಮುಚ್ಚಿದೆ. ಬಲಗಡೆಯ ಮನೆಗಳಿಗೆ ಸಿರಿಲ ಹೊರಟ. ನಾನೂ ಕ್ಲಾರಾಳೂ ಎದುರುಮನೆಗೆ ಹೋದೆವು. ಇನ್ನಾಸಕ್ಕ ಜಗಲಿಯ ಮೇಲೆ ಕಾಲು ಚಾಚಿ ಕೂತು ಸ್ಟಾರಿನ ಕಾಗದಕ್ಕೆ ಅಂಟು ಹಚ್ಚುತ್ತಿದ್ದಳು. ಕೈ ಒರೆಸಿಕೊಂಡು ಒಂದು ನಕ್ಷತ್ರ ಎತ್ತಿ ಅರ್ಧ ಕಚ್ಚಿದಳು.

ಅವಳ ದವಡೆ ನಿಂತುಹೋಯಿತು. ನನ್ನನ್ನು ನೋಡಿದಳು, ಬಿಸ್ಕತ್ತನ್ನು ನೋಡಿದಳು. ಕಷ್ಟಪಟ್ಟು ನುಂಗಿ, ಪಕ್ಕದಲ್ಲಿದ್ದ ಚೊಂಬನ್ನು ಎತ್ತಿ ಗಟಗಟನೆ ನೀರು ಕುಡಿದಳು. ಹದಿನಾಲ್ಕು ವರ್ಷದಲ್ಲಿ ನಾನು ಅವಳಿಂದ ಏನೇನೋ ಕೇಳಿದ್ದೇನೆ. ಸುಮ್ಮನಿದ್ದದ್ದನ್ನು ನೋಡಿರಲಿಲ್ಲ.

"ಲೂರ್ದು," ಎಂದಳು ನಿಧಾನವಾಗಿ, "ಮಗು ರುಚಿ ನೋಡಿದ್ಲಾ ಇದನ್ನ?"

ನೋಡಿದಳಕ್ಕ, ಚೆನ್ನಾಗಿದೆ ಎಂದಳು ಎಂದೆ. ಇನ್ನಾಸಕ್ಕ ಕ್ಲಾರಾಳ ಕಡೆ ತಿರುಗಿದಳು. ಹುಡುಗಿ ನನ್ನ ಸೆರಗಿನ ಹಿಂದೆ ಸರಿದು ನಿಂತಿದ್ದಳು. ಬಿಗಿಹಿಡಿದ ಅವಳ ಮುಷ್ಟಿ ನನ್ನ ಸೊಂಟಕ್ಕೆ ತಾಗುತ್ತಿತ್ತು.

"ನಿಜ ಹೇಳು ಪುಟ್ಟಾ, ನಾನು ಬೈಯಲ್ಲ. ಹೇಗಿತ್ತು?"

ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಆಮೇಲೆ ಸೆರಗಿನೊಳಗಿಂದಲೇ ಸಣ್ಣ ದನಿ ಬಂತು. "ಏನೂ ಇರಲಿಲ್ಲ. ನಾಲ್ಕು ದಿನದಿಂದ ಏನೂ ಇಲ್ಲ. ಕಾಫೀಲೂ ಇಲ್ಲ. ನಾನು ಬೇಕಂತ ಮಾಡಿದ್ದಲ್ಲ ಅತ್ತೆ."

ನನ್ನ ಕೈಯಲ್ಲಿದ್ದ ತಟ್ಟೆಯನ್ನು ಮುಂದೆ ಚಾಚಿದೆ. ಇನ್ನಾಸಕ್ಕ ಹಿಡಿದುಕೊಂಡಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅವಳನ್ನು ಮುಂದಕ್ಕೆ ಎಳೆದುಕೊಂಡೆ. ಯಾಕೆ ಹೇಳಲಿಲ್ಲ ಕಂದಾ ಎಂದು ಕೇಳಿದೆ. ಅವಳು ಅಳಲಿಲ್ಲ. ಅತ್ತು ಮುಗಿಸಿ ಬಂದವಳ ಹಾಗೆ ಒಣ ದನಿಯಲ್ಲಿ ಹೇಳಿದಳು.

"ನಮ್ಮನೆ ನಾಲಿಗೆ ಇವಳೇ ಅಂತ ನೀವು ಎಲ್ಲರ ಹತ್ರ ಹೇಳ್ತಿದ್ರಲ್ಲ. ನಾಲಿಗೆ ಹೋದ್ರೆ ಆಮೇಲೆ ನಾನ್ಯಾಕೆ ಬೇಕು? ಮಾವ ಅಚ್ಚು ಕೂಡ ಮಾಡಲಿಲ್ಲ."

ಅವಳಿಗೆ ನೋವಾಗಬಾರದು ಎಂದು ನಾನು ಇಡೀ ಬೀದಿಯ ಬಾಯಿ ಕಟ್ಟಿದ್ದೆ. ಆ ಮೌನದೊಳಗೆ ಕೂತು ಅವಳು ನಾಲ್ಕು ದಿನ ಒಬ್ಬಳೇ ಹೆದರಿದ್ದಳು. ಎಲ್ಲವನ್ನೂ ಹೇಳಿದೆ. ನನ್ನ ಅತ್ತೆಯವರ ಕಾಫಿಯ ಕಥೆ, ಅಗ್ನೇಸಜ್ಜಿಯ ಗಂಜಿಯ ಕಥೆ, ಎಂಟು ತಿಂಗಳು ದಿನವೂ ಬೆಳಿಗ್ಗೆ ಅವಳು ಲೋಟ ಬಾಯಿಗಿಟ್ಟಾಗ ನಾನು ಉಸಿರು ಹಿಡಿದು ನೋಡುತ್ತಿದ್ದದ್ದು. ಅವಳು ಹುಬ್ಬು ಗಂಟಿಕ್ಕಿ ಕೇಳಿದಳು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಹಾಕಿದಳು.

"ಹಾಗಾದ್ರೆ ಸಿರಿಲಣ್ಣಂಗೆ ಆಗಿರೋದೇ ನಂಗೂ ಆಗಿದೆಯಾ?"

ಅದೇ ಆಗಿದೆ ಎಂದೆ. ಅಷ್ಟರಲ್ಲಿ ಇನ್ನಾಸಕ್ಕನ ಹೊಟ್ಟೆ ಕುಣಿಯಲು ಶುರುವಾಗಿತ್ತು. ನಗು ತಡೆಯಲಾರದೆ ಕಂಬ ಹಿಡಿದುಕೊಂಡಳು, ಕಣ್ಣಲ್ಲಿ ನೀರು ಬಂತು.

"ಎರಡು ಮನೆ ಉಪ್ಪಿನಕಾಯಿಗೆ ಆಗೋಷ್ಟು ಉಪ್ಪು ಹಾಕಿದೀಯಲ್ಲೇ ಲೂರ್ದು. ಬೀದಿಗೆಲ್ಲ ಹಂಚಿದ್ಯಾ?"

ಆಗಲೇ ನನಗೆ ದಾರಗಳ ನೆನಪಾದದ್ದು. ಎದ್ದು ತಿರುಗಿ ನೋಡಿದರೆ ಬಲಗಡೆಯ ಒಂದೊಂದು ಬಾಗಿಲಲ್ಲೂ ಒಬ್ಬೊಬ್ಬರು ನೀರಿನ ಲೋಟ ಹಿಡಿದು ನಿಂತಿದ್ದರು. ಯಾರೂ ತುಟಿ ಪಿಟ್ಟೆನ್ನಲಿಲ್ಲ. ಮೂರನೆಯ ಮನೆಯ ಚೌರಪ್ಪ ಮೇಷ್ಟ್ರಂತೂ ಎರಡು ಎಂಜಿನ್ನು ಪೂರ್ತಿ ತಿಂದು, ಈ ಸಲ ನಿಮ್ಮಮ್ಮ ಹೊಸ ಥರ ಮಾಡಿದಾರೆ ಎಂದು ಹೊಗಳಿ ಕಳಿಸಿದ್ದರಂತೆ. ಸಿರಿಲ ಅದನ್ನು ನಂಬಿಕೊಂಡು ಎದೆಯುಬ್ಬಿಸಿ ಬರುತ್ತಿದ್ದ.

ಇನ್ನಾಸಕ್ಕ ಸೆರಗು ಸಿಕ್ಕಿಸಿಕೊಂಡು ಬೀದಿಯ ನಡುವೆ ಹೋಗಿ ನಿಂತಳು. ತಿಂಗಳುಗಟ್ಟಲೆ ಕಟ್ಟಿಟ್ಟ ಬಾಯಿ ಅದು. ನಮ್ಮವರ ಹೆಸರು ಹಿಡಿದು, ರಾಯಪ್ಪನ ಮನೆ ಮಗಳ ನಾಲಿಗೆ ಮಲಗಿದೆ, ಅವಳು ಒಪ್ಪಿ ಕಳಿಸಿದ ಬಿಸ್ಕತ್ತು ಇದು ಎಂದು ಆ ತುದಿಯಿಂದ ಈ ತುದಿಗೆ ಕೇಳುವ ಹಾಗೆ ಸಾರಿದಳು. ಆಮೇಲೆ ಮೇಷ್ಟ್ರು ಲೋಟ ಕೆಳಗಿಟ್ಟು, ಒಳಗಿನಿಂದ ತಟ್ಟೆ ತಂದು, ಬಾಗಿಲಲ್ಲೇ ನಿಂತು ಮೂರನೆಯ ಎಂಜಿನ್ನನ್ನು ಕಚ್ಚಿದರು. ಉಳಿದವರೂ ಕಚ್ಚಿದರು. ಮುಖ ಕಿವುಚಿಕೊಂಡು, ಕೆಮ್ಮಿಕೊಂಡು, ನಕ್ಕುಕೊಂಡು ಬೀದಿಯೇ ಆ ಉಪ್ಪನ್ನು ತಿಂದಿತು. ಕೆಲವರು ಒಂದು ಚೂರನ್ನು ಕಾಗದದಲ್ಲಿ ಸುತ್ತಿ ಎತ್ತಿಟ್ಟರು.

ಅರ್ಧ ಗಂಟೆಯೊಳಗೆ ನಮ್ಮ ಜಗಲಿ ತುಂಬಿಹೋಯಿತು. ಪದ್ಧತಿಯ ಪ್ರಕಾರ ಪ್ರತಿ ಮನೆಯಿಂದ ಒಂದೊಂದು ಚಮಚ ಸಿಹಿ ಬಂತು. ಹಬ್ಬವಾದ್ದರಿಂದ ಚಮಚದ ಹಿಂದೆ ತಟ್ಟೆಯೂ ಬಂತು: ಕಜ್ಜಾಯ, ಅಚ್ಚಿನಲ್ಲಿ ಅದ್ದಿ ಕರಿದ ಗುಲಾಬಿ ಹೂವು, ರವೆ ಉಂಡೆ, ಸಕ್ಕರೆ ಪಾಕದಲ್ಲಿ ಹೊರಳಿದ ಕಲಕಲ. ನನ್ನ ಬೆಣ್ಣೆಯೆಲ್ಲ ಉಪ್ಪಿನ ಪಾಲಾಗಿದ್ದರಿಂದ ಒಬ್ಬೊಬ್ಬರೂ ಒಂದೊಂದು ಬಟ್ಟಲು ಬೆಣ್ಣೆಯನ್ನೂ ತಂದರು. ಕ್ಲಾರಾ ಚಾಪೆಯ ನಡುವೆ ಕೂತು ಎಲ್ಲರ ಚಮಚಕ್ಕೂ ಬಾಯಿ ತೆರೆದಳು, ಪ್ರತಿಯೊಂದರ ರುಚಿಯನ್ನೂ ಸಿರಿಲನಿಗೆ ವಿವರಿಸಿದಳು. ಅವನೂ ಅದನ್ನೇ ತಿನ್ನುತ್ತಿದ್ದರೂ ಸುಮ್ಮನೆ ಕೇಳಿಸಿಕೊಂಡ.

ನಮ್ಮವರು ಅಂಗಡಿಯಲ್ಲಿದ್ದರು. ನಾನು ಹೋಗಿ ಸುದ್ದಿ ಹೇಳಿದಾಗ ಕತ್ತರಿ ಕೆಳಗಿಟ್ಟು ಹಳೆಯ ಡಬ್ಬಗಳ ಹಿಂದಿನಿಂದ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತೆಗೆದರು. ಹೊಸ ತಗಡಿನ ಪಟ್ಟಿಯನ್ನು ಬಗ್ಗಿಸಿ ಮಾಡಿದ ಬದನೆಕಾಯಿ. ತೊಟ್ಟಿಗೆ ಐದು ಮೊನೆಯ ಕಿರೀಟ. ಸ್ಲೇಟು ಬಂದ ದಿನವೇ ಬಗ್ಗಿಸಿದ್ದರಂತೆ. ಮುಗಿಸಲು ಧೈರ್ಯ ಬರಲಿಲ್ಲ, ಎರಡು ತುದಿ ಬೆಸೆಯದೆ ಹಾಗೇ ಬಿಟ್ಟಿದ್ದೆ ಎಂದರು. ಬೆಸುಗೆಯ ಕಡ್ಡಿ ಕಾಯಿಸಲು ಇಟ್ಟು ಕ್ಲಾರಾಳನ್ನು ಕರೆದುಕೊಂಡು ಬಾ ಎಂದರು. ಅವಳು ಬಂದು ಎರಡು ತುದಿಗಳನ್ನು ಚಿಮ್ಮಟದಲ್ಲಿ ಒತ್ತಿ ಹಿಡಿದಳು. ಅವರು ಬೆಸೆದರು.

ಮತ್ತೆ ಹಿಟ್ಟು ಕಲಸುವಾಗ ಜಾಡಿಗಳ ದಾರ ಬಿಚ್ಚಿ ಸರಿಯಾಗಿ ಕಟ್ಟಿದೆ. ಸಾಲದ್ದಕ್ಕೆ ಇನ್ನಾಸಕ್ಕ ಪಕ್ಕದಲ್ಲೇ ನಿಂತು ಒಂದೊಂದು ಬಟ್ಟಲಿನಿಂದಲೂ ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, ಹೂಂ ಹಾಕು, ಹೂಂ ಹಾಕು ಎಂದಳು. ಬದನೆಕಾಯಿಗಳು ತಗಡಿನ ಪೆಟ್ಟಿಗೆಯೊಳಗೆ ಹೋದವು. ಸ್ವಲ್ಪ ಹೊತ್ತಿಗೆ ಏಲಕ್ಕಿಯ ಪರಿಮಳ ಬೀದಿಯವರೆಗೆ ಹೋಯಿತು. ನಾಲ್ಕು ಗಂಟೆಗೆ ಮೊದಲ ತಟ್ಟೆ ಹೊರಗೆ ಬಂತು. ಈ ಸಲ ಅಂಚು ಹೊಂಬಣ್ಣಕ್ಕೆ ತಿರುಗಿತ್ತು. ಇನ್ನಾಸಕ್ಕ ಒಂದು ಕಚ್ಚಿ, ಅಗಿದು, ಕೊನೆಗೂ ಮನುಷ್ಯರು ತಿನ್ನೋ ಥರ ಮಾಡಿದೆ ಎಂದಳು.

ಕ್ಲಾರಾ ತನ್ನ ಪಾಲಿನದನ್ನು ಅಂಗೈಯ ಮೇಲೆ ಇಟ್ಟುಕೊಂಡು ಊದಿ ಆರಿಸಿದಳು. ಮೊದಲು ಕಿರೀಟವನ್ನು ಕಚ್ಚಿದಳು. ಜಗಲಿಯ ಮೇಲಿದ್ದವರೆಲ್ಲ ಅವಳನ್ನೇ ನೋಡಿದರು. ಅವಳು ಆತುರವಿಲ್ಲದೆ ಅಗಿದಳು, ನುಂಗಿದಳು, ತುಟಿಯ ಮೇಲಿನ ಪುಡಿಯನ್ನೂ ನೆಕ್ಕಿದಳು.

"ಏನೂ ರುಚಿ ಇಲ್ಲ ಅತ್ತೆ," ಎಂದಳು. ಅವಳ ಮುಖ ಅರಳಿ ಅಷ್ಟಗಲವಾಗಿತ್ತು. "ಇನ್ನೊಂದು ಕೊಡು."